ಫ್ರಿಜ್ ಅತ್ತೆ ಹಾಕಿದ ಎರಡು ಹನಿ

ಪ್ರಯೋಗಾಲಯದ ಫ್ರಿಜ್ಜುಗಳನ್ನು ನೋಡಿಕೊಳ್ಳುವ ಆಕೆಯನ್ನು ಎಲ್ಲರೂ ಕರೆಯುವುದು ‘ಫ್ರಿಜ್ ಅತ್ತೆ’ ಎಂದೇ. ಬಾಗಿಲು ಹತ್ತು ಸೆಕೆಂಡು ತೆರೆದಿದ್ದರೆ ಸಾಕು, “ಒಳಗೇ ಸಂಸಾರ ಹೂಡ್ತೀಯೇನಪ್ಪಾ?” ಎಂದು ಬೆನ್ನ ಹಿಂದೆ ದನಿ ಏಳುತ್ತದೆ. ಹೊಳೆಯುವ ಬಣ್ಣ ಅಂಟಿಸಿದ ಪ್ರತಿಕಾಯಗಳಿಗೆ, ಅಂದರೆ ಆಂಟಿಬಾಡಿಗಳಿಗೆ, ಬೆಳಕು ಆಗದೆಂದು ಒಂದೊಂದಕ್ಕೂ ಫಾಯಿಲ್ ಹೊದಿಸಿ ಮಲಗಿಸುತ್ತಾಳೆ. ಕರಗಿದ್ದನ್ನು ಮತ್ತೆ ಫ್ರೀಜರಿನಲ್ಲಿ ಇಟ್ಟವರ ಕಥೆ ಮುಗಿಯಿತು. ಕರಗಿದ ಐಸ್‌ಕ್ರೀಮನ್ನು ಮರಳಿ ಒಳಗಿಟ್ಟ ಪಾಪಕ್ಕೆ ಅವಳ ಗಂಡ ಒಂದು ವಾರ ಉಪದೇಶ ಕೇಳಿದ್ದುಂಟು.

ಈ ಸಲ ಪೇಚಿಗೆ ಸಿಕ್ಕಿದ್ದು ಒಬ್ಬ ಸಂಶೋಧನಾ ವಿದ್ಯಾರ್ಥಿನಿ. ಎರಡು ವರ್ಷದಿಂದ ಅವಳು ಬಳಸುತ್ತಿದ್ದ ಪ್ರತಿಕಾಯ ಒಂದೇ ಒಂದು ಆಡಿನ ರಕ್ತದಿಂದ ಬಂದದ್ದು. ಆ ಆಡು ಈಗಿಲ್ಲ. ಬೇರೆ ಆಡಿನದು ಹಾಗೆಯೇ ಕೆಲಸ ಮಾಡೀತೆಂಬ ಭರವಸೆಯಿಲ್ಲ. ಉಳಿದಿದ್ದು ಕೊನೆಯ ಸೀಸೆ. ಅದಕ್ಕೆ ಅಂಟಿಸಿದ್ದು ಹೊಳೆಯುವ ಬಣ್ಣವಲ್ಲ, ಕಿಣ್ವ. ಹುಡುಕುವ ಪ್ರೋಟೀನು ಸಿಕ್ಕಲ್ಲೆಲ್ಲ ಅದು ಕಂದು ಬಣ್ಣ ಬರಿಸಬೇಕು. ಮೂರು ದಿನದಿಂದ ಸ್ಲೈಡುಗಳೆಲ್ಲ ಬೋಳು ಬೋಳು.

“ನಿನ್ನ ಕೈಯೇ ಸರಿಯಿಲ್ಲ. ಹಳೇ ಫಲಿತಾಂಶಾನೂ ನಂಬೋ ಹಾಗಿಲ್ಲ, ಎಲ್ಲಾ ಕೈಬಿಡು,” ಎಂದರು ಪ್ರೊಫೆಸರು. ಹುಡುಗಿಯ ಎರಡು ವರ್ಷ ಒಂದೇ ಮಾತಿಗೆ ನೀರುಪಾಲಾಗುವುದರಲ್ಲಿತ್ತು.

ತನ್ನ ಫ್ರಿಜ್ಜಿನದೇನೂ ತಪ್ಪಿಲ್ಲವೆಂದು ತೋರಿಸಲು ಅತ್ತೆ ಗತ್ತಿನಿಂದ ದಾಖಲೆ ಪುಸ್ತಕ ಬಿಚ್ಚಿದಳು. ಆ ಕೊನೆಯ ಸೀಸೆಯ ಎದುರು, ನಾಲ್ಕು ದಿನದ ಹಿಂದಿನ ತಾರೀಖಿನಲ್ಲಿ, ಅವಳದೇ ದುಂಡು ಅಕ್ಷರ: ‘ಅಜೈಡ್, ಎರಡು ಹನಿ.’ ಸೀಸೆಗಳಲ್ಲಿ ಬೂಷ್ಟು ಹಿಡಿಯದಿರಲೆಂದು ಹಾಕುವ ರಾಸಾಯನಿಕ ಅದು. ಸಾರಿಗೆ ಉಪ್ಪು ಬಿದ್ದಂತೆ ಅಭ್ಯಾಸಬಲದಿಂದ ಬಿದ್ದಿತ್ತು. ಕಿಣ್ವ ಅಂಟಿಸಿದ್ದಕ್ಕೆ ಮಾತ್ರ ಅದನ್ನು ಸೋಕಿಸಬಾರದು, ಕಿಣ್ವದ ಬಾಯಿ ಕಟ್ಟಿಹೋಗುತ್ತದೆ. ಊರಿಗೆಲ್ಲ ಈ ಪಾಠ ಹೇಳಿಕೊಟ್ಟವಳು ಇವಳೇ!

ಅತ್ತೆ ಅತ್ತಿತ್ತ ನೋಡಿದಳು, ಹತ್ತಿರ ಯಾರೂ ಇರಲಿಲ್ಲ. ಪುಸ್ತಕ ಮುಚ್ಚಿಬಿಟ್ಟರೆ ಯಾರಿಗೂ ತಿಳಿಯದು. ಮುಚ್ಚಿದಳು. ಊಟದ ಡಬ್ಬಿ ತೆರೆದಳು. ಎತ್ತಿದ ತುತ್ತನ್ನು ಡಬ್ಬಿಗೇ ಹಾಕಿದಳು. ಕೈ ತೊಳೆದು ನೇರ ಪ್ರೊಫೆಸರ ಕೋಣೆಗೆ ನುಗ್ಗಿದಳು. ಹುಡುಗಿ ಅಲ್ಲೇ ತಲೆ ತಗ್ಗಿಸಿ ನಿಂತಿದ್ದಳು.

“ಸರ್, ಕೆಟ್ಟ ಕೈ ಅವಳದಲ್ಲ, ನಂದು. ಅಜೈಡ್ ಹಾಕ್ಬಿಟ್ಟಿದ್ದೀನಿ.”

“ನೀವಾ?”

“ನಾನೇ. ಬೈಯೋದಿದ್ರೆ ಬೇಗ ಬೈದು ಮುಗಿಸಿ, ಅದನ್ನ ತೊಳೆಯೋ ಕೆಲಸ ಇದೆ.”

ಅತ್ತೆಯೂ ಹುಡುಗಿಯೂ ಸೀಸೆಯಲ್ಲಿದ್ದದ್ದನ್ನು ತೆಳುಪೊರೆಯ ಪುಟ್ಟ ಚೀಲಕ್ಕೆ ತುಂಬಿ, ತಣ್ಣನೆಯ ಉಪ್ಪುದ್ರಾವಣದಲ್ಲಿ ತೇಲಿಬಿಟ್ಟರು. ಸಣ್ಣ ಅಜೈಡ್ ಪೊರೆಯಿಂದ ಸೋರಿಹೋಗುತ್ತದೆ, ದಪ್ಪ ಪ್ರತಿಕಾಯ ಒಳಗೇ ಉಳಿಯುತ್ತದೆ. ದ್ರಾವಣವನ್ನು ಮೂರು ಸಲ ಬದಲಿಸಿದರು. ಕಿಣ್ವ ಮತ್ತೆ ಬಾಯಿ ಬಿಟ್ಟೀತೆಂಬ ಖಾತ್ರಿ ಇಬ್ಬರಿಗೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಹುಡುಗಿ ಓಡಿಬಂದು ಅತ್ತೆಯ ಕೈ ಹಿಡಿದೆಳೆದಳು. “ಬನ್ನಿ ಅತ್ತೇ, ಬಂದು ನೋಡಿ!”

ಇಪ್ಪತ್ತಾರು ವರ್ಷ ಈ ಸೀಸೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದಳು. ಅವು ಮಾಡುವ ಕೆಲಸವನ್ನು ನೋಡು ಬಾ ಎಂದು ಸೂಕ್ಷ್ಮದರ್ಶಕದ ಹತ್ತಿರ ಯಾರೂ ಒಮ್ಮೆಯೂ ಕರೆದಿರಲಿಲ್ಲ. ಬಾಗಿ ಕಣ್ಣಿಟ್ಟಳು. ಜೀವಕೋಶಗಳ ಅಂಚಿನುದ್ದಕ್ಕೂ ಕಂದು ಬಣ್ಣ.

“ಕಾಣ್ತಿದೆಯಾ ಅತ್ತೆ?”

“ಕಾಣ್ತಿದೆ, ಸುಮ್ನಿರೇ,” ಎಂದಳು ಅತ್ತೆ, ತಲೆ ಎತ್ತದೆ. “ಇನ್ನೂ ಸ್ವಲ್ಪ ಹೊತ್ತು ನೋಡ್ತೀನಿ.”