ಕೌದಿಯ ಮೂಲೆಯ ಹೂವು

ಕಳೆದ ಶುಕ್ರವಾರ ಮಸ್ಕತ್ತಿನ ವಾದಿ ಅದಾಯ್‌ನ ಸೋಫಾ ಶೋರೂಮಿಗೆ ಹೋಗಿದ್ದೆ. ಜೊತೆಗೆ ಎಂಟನೇ ಕ್ಲಾಸಿನ ಮಗಳು ಸುಮಾ. ಸೇಲ್ಸ್‌ಮನ್ ನಮ್ಮ ಗುಂಗುರು ಕೂದಲು ನೋಡಿ ಪಕ್ಕದವನಿಗೆ ಕನ್ನಡದಲ್ಲಿ ಹೇಳಿದ: "ಈ ಒಮಾನಿಯವರು ನೋಡುದು ಮಾತ್ರ, ತಕೊಳ್ಳುದಿಲ್ಲ ಮಾರಾಯ. ನೀರು ಕೊಟ್ಟು ಕಳಿಸು."

"ತಗೋತೀವ್ರಿ ಅಣ್ಣಾರ," ಅಂದೆ. "ನೀರು ತಣ್ಣಗಿರಲಿ."

ಪಾಪ, ಅವನ ಮುಖ ನೋಡಬೇಕಿತ್ತು. "ಕನ್ನಡ ಎಲ್ಲಿ ಕಲ್ತದ್ದು ಮೇಡಂ?"

"ನಮ್ಮವ್ವನ ಹತ್ರ. ಹಳಿಯಾಳದಾಗ."

(ಹೊಸ ಓದುಗರಿಗೆ ಹೇಳಿಬಿಡುತ್ತೇನೆ: ನಾನು ಸಿದ್ದಿ. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದ್ದರು. ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ನಾವು. ಮಸ್ಕತ್‌ನಲ್ಲಿ ಎಲ್ಲರೂ ನನ್ನ ಜೊತೆ ಅರಬಿಯಲ್ಲೇ ಶುರು ಮಾಡುತ್ತಾರೆ. ಜಂಜಿಬಾರಿನ ನಂಟಿರುವವರು ಸ್ವಾಹಿಲಿಯಲ್ಲಿ.)

ನಾನು ನಕ್ಕೆ. ಸುಮಾ ನಗಲಿಲ್ಲ. ಕಾರಿನಲ್ಲಿ ಕೂತ ಮೇಲೆ ಬಾಯಿ ಬಿಟ್ಟಳು. ಅವಳ ಸ್ಕೂಲಿನಲ್ಲಿ ಈಗ ಎಲ್ಲ ಕ್ಲಾಸುಗಳಲ್ಲೂ ಬ್ಲ್ಯಾಕ್ ಹಿಸ್ಟರಿ, ಅಂದರೆ ಕಪ್ಪು ಜನರ ಚರಿತ್ರೆ. ಇಂಗ್ಲಿಷಿನಲ್ಲಿ ಭಾಷಣ, ಸೈನ್ಸಿನಲ್ಲಿ ವಿಜ್ಞಾನಿಗಳು, ಮ್ಯೂಸಿಕ್‌ನಲ್ಲಿ ಜಾಝ್. ಮ್ಯಾಥ್ಸ್ ಮಿಸ್ ಮಾತ್ರ ಆಫ್ರಿಕಾ ಮೂಲದವರ ಕೈಕೆಲಸದ ಒಂದು ಡಿಸೈನ್ ತನ್ನಿ ಅಂದಿದ್ದಾರಂತೆ.

"ಎವೆರಿಥಿಂಗ್ ಈಸ್ ಅಮೆರಿಕ, ಅಮ್ಮ. ವೇರ್ ಆರ್ ವಿ?"

ಒಳ್ಳೆಯ ಪ್ರಶ್ನೆ. ನಾವು ಎಲ್ಲಿದ್ದೇವೆ? ಅವಳ ಹಾಸಿಗೆಯ ಮೇಲೇ ಇದ್ದೇವೆ, ಅಜ್ಜಿ ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿದ ಕೌದಿಯಲ್ಲಿ. ಆದರೆ ಅದನ್ನು ಒಯ್ದರೆ ಒಂದು ತೊಂದರೆಯಿತ್ತು. ಸುಮಾಳ ಅಮ್ಮ ಒಮಾನಿಯಂತೆ ಎಂದು ಕ್ಲಾಸಿನಲ್ಲಿ ಯಾರೋ ಹಬ್ಬಿಸಿದ್ದರು. ಇವಳೂ ಸುಮ್ಮನಿದ್ದುಬಿಟ್ಟಿದ್ದಳು. ಈಗ ಎಲ್ಲರೆದುರು ನಿಜ ಹೇಳಬೇಕು.

"ಒಯ್ಯಲಾ?"

"ನಿನ್ನಿಷ್ಟ," ಅಂದೆ. (ಅನ್ನುವುದು ಸುಲಭ.)

ಮಂಗಳವಾರ ಕೌದಿ ಸ್ಕೂಲಿಗೆ ಹೋಯಿತು. ಸಂಜೆ ಮ್ಯಾಥ್ಸ್ ಮಿಸ್ ಫೋನ್ ಮಾಡಿದರು. ಎರಡು ಡೆಸ್ಕಿನ ಮೇಲೆ ಹಾಸಿ ಮಕ್ಕಳು ತ್ರಿಕೋನ, ಚೌಕ ಎಲ್ಲ ಹುಡುಕಿದ್ದಾರೆ. ಮೂಲೆಗಳಲ್ಲಿ ಮಾತ್ರ ಪುಟ್ಟ ತ್ರಿಕೋನಗಳನ್ನು ಒತ್ತೊತ್ತಾಗಿ ಹೊಲಿದದ್ದೇಕೆ ಎಂದು ಮಿಸ್ ಕೇಳಿದರಂತೆ.

"ಅದು ಹೂ. ಹೂವಿಲ್ಲದಿದ್ದರೆ ಕೌದಿ ಬತ್ತಲೆ ಅಂತಾರೆ ನಮ್ಮಲ್ಲಿ," ಅಂದಳಂತೆ ಸುಮಾ.

"ನಮ್ಮಲ್ಲಿ ಅಂದರೆ?"

ಸುಮಾ ಕೌದಿಯ ಅಂಚು ಹಿಡಿದುಕೊಂಡೇ ಹೇಳಿದಳಂತೆ: "ಸಿದ್ದಿಗಳಲ್ಲಿ. ನನ್ನ ಅಮ್ಮ ಒಮಾನಿ ಅಲ್ಲ, ಕರ್ನಾಟಕದವಳು. ನಾವು ಆಫ್ರಿಕಾದಿಂದ ಬಂದವರು."

ಮುಂದಿನ ಪೀರಿಯಡ್ಡಿಗೆ ಸೋಷಿಯಲ್ ಮಿಸ್ ಕೌದಿಯನ್ನೂ ಸುಮಾಳನ್ನೂ ಕರೆದೊಯ್ದರು. ಮ್ಯೂಸಿಕ್ ಸರ್ ಕೇಳಿದ್ದಕ್ಕೆ ನಮ್ಮ ಢಮಾಮಿ ಕುಣಿತದ ತಾಳವನ್ನು ಡೆಸ್ಕಿನ ಮೇಲೆ ಬಾರಿಸಿಯೂ ತೋರಿಸಿದಳು. "ಇದನ್ನೆಲ್ಲ ಎಲ್ಲಿ ಕಲಿತೆ?" ಅಂದಾಗ, ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ಅಚ್ಚ ಹಳಿಯಾಳದ ದನಿಯಲ್ಲಿ ಅಂದಳಂತೆ: "ನಮ್ಮವ್ವನ ಹತ್ರ."

ಸುತ್ತಿ ಬಳಸುವುದೇಕೆ? ಹೆಮ್ಮೆಯಿಂದ ಎದೆ ಉಬ್ಬಿತು.

ಸೋಫಾ ಮನೆಗೆ ಬಂದಿದೆ. ಕೌದಿ ಇನ್ನೂ ಬಂದಿಲ್ಲ, ಒಂಬತ್ತನೇ ಕ್ಲಾಸಿನವರು ಕೇಳಿ ಒಯ್ದಿದ್ದಾರೆ.

ಆ ಶೋರೂಮಿನ ಅಣ್ಣನ ಮಕ್ಕಳು ಯಾವ ಕ್ಲಾಸು ಅಂತ ಕೇಳಬೇಕಿತ್ತು. ಕೌದಿ ಅಲ್ಲಿಗೂ ಹೋಗಿಬರುತ್ತಿತ್ತು.