ಒರ್ಲಾಂಡೊ ಹೇಳದೆ ಉಳಿಸಿಕೊಂಡ ಬಂಡೆ

ಒರ್ಲಾಂಡೊ ಫರ್ಟಾಡೊ ಬೇರೆ ಎಲ್ಲ ವಿಷಯದಲ್ಲೂ ಅಪ್ಪಟ ಪ್ರಾಮಾಣಿಕ ಮನುಷ್ಯ. ಪಾಟಕೆಟ್ ಊರಿನ, ಬಟ್ಟೆಗೆ ಬಣ್ಣ ಹಾಕುವ ಗಿರಣಿಯಲ್ಲಿ ಉಗುರು ನೀಲಿಯಾಗುವಂತೆ ದುಡಿದ, ಇನ್ನೊಬ್ಬರ ಸ್ವತ್ತಿಗೆ ಕೈ ಹಾಕಿದವನಲ್ಲ, ಭಾನುವಾರದ ಪೂಜೆ ತಪ್ಪಿಸಿದವನಲ್ಲ. ಆದರೆ ಪಟ್ಟೆಮೀನು ಎಲ್ಲಿ ಸಿಕ್ಕಿತು ಎಂದು ಕೇಳಿದಿರೋ, ಮುಗಿಯಿತು. ಕಣ್ಣಲ್ಲಿ ಕಣ್ಣಿಟ್ಟು, ಮುಖದ ಒಂದು ಗೆರೆಯೂ ಅಲ್ಲಾಡದಂತೆ, ಹಸಿ ಸುಳ್ಳು ಹೇಳುತ್ತಿದ್ದ.

ಇದರಲ್ಲಿ ಅವನೊಬ್ಬನೇ ಅಂತಲ್ಲ. ನರಗಾನ್ಸೆಟ್ ಕಡಲ ದಡದಲ್ಲಿ ನಿಂತು ನೊರೆಯೊಳಕ್ಕೆ ಗಾಳ ಎಸೆಯುವ ನಮ್ಮ ಜನ ಎಲ್ಲರೂ ಇದೇ ಜಾತಿ. ಮೀನು ಬರುವ ಬಂಡೆ ಒಬ್ಬನಿಗೆ ಗೊತ್ತಾಯಿತೆಂದರೆ ಮರುದಿನ ಹತ್ತು ಜನ, ಆ ಮರುದಿನ ಜಾತ್ರೆ. ಅದಕ್ಕೇ ಒರ್ಲಾಂಡೊ ಪಿಕಪ್ಪನ್ನು ಒಂದು ಕೊಲ್ಲಿಯಲ್ಲಿ ನಿಲ್ಲಿಸಿ, ಎಲ್ಲರಿಗೂ ಕಾಣುವ ಹಾಗೆ ಅಲ್ಲೇ ಒಂದೆರಡು ಸಲ ಗಾಳ ಬೀಸಿ, ಆಮೇಲೆ ಸದ್ದಿಲ್ಲದೆ ಇನ್ನೊಂದು ದಿಕ್ಕಿಗೆ ಮೈಲಿಗಟ್ಟಲೆ ನಡೆದು ಹೋಗುತ್ತಿದ್ದ. ಹಿಂದಿರುಗುವಾಗ ಮೀನನ್ನು ಮಳೆಕೋಟಿನೊಳಗೆ ತೂರಿಸಿಕೊಂಡು ಬರುತ್ತಿದ್ದ.

"ಏನಯ್ಯಾ, ಸಿಕ್ತಾ?" ಎಂದು ಎರೆ ಮಾರುವ ಅಂಗಡಿಯ ಮುಂದೆ ವಾಲಿ ಕ್ರಾಂಡಲ್ ತಡೆದು ಕೇಳುತ್ತಿದ್ದ. ಇಬ್ಬರೂ ಒಂದೇ ವಯಸ್ಸಿನವರು, ಒಬ್ಬರನ್ನೊಬ್ಬರು ಅನುಮಾನಿಸುತ್ತಲೇ ತಲೆ ನರೆಸಿಕೊಂಡವರು.

"ಎಲ್ಲಿಂದ ಸಿಗತ್ತೆ ಮಾರಾಯ? ಬರೀ ಪಾಚಿ."

"ಹಾಗಾದ್ರೆ ನಿನ್ ಕೋಟಿನ ಕೆಳಗೆ ಬಾಲ ಯಾಕೋ ಇಣುಕ್ತಿದೆ?"

"ಅದಾ? ಹೆಂಡ್ತಿ ತರೋಕೆ ಹೇಳಿದ್ಲು. ಅಂಗಡೀಲಿ ತಗೊಂಡೆ."

"ಥೂ ನಿನ್ನ! ಅಂಗಡಿ ಮೀನು ಇನ್ನೂ ಕಿವಿರು ಬಡೀತಿದೆಯಲ್ಲೋ!"

ಆಗಿನ ಕಾಲದ ಮಾತೇ ಬೇರೆ. ಗಿರಣಿಯ ಪಾಳಿ ಮುಗಿಸಿ, ಎದೆಮಟ್ಟದ ರಬ್ಬರ್ ಬೂಟು ಏರಿಸಿ, ಸೊಂಟಕ್ಕೆ ಬೆಲ್ಟು ಬಿಗಿದು ನೀರಿಗಿಳಿದರೆ ಬರಿಗೈಯಲ್ಲಿ ಬಂದ ದಿನವೇ ಕಡಿಮೆ. ತಾನೇ ಕೆತ್ತಿದ ಮರದ ಹುಸಿಮೀನನ್ನು ಅಲೆ ಒಡೆಯುವ ಜಾಗಕ್ಕೆ ಬೀಸಿ ಎಳೆಯುತ್ತಿದ್ದರೆ, ಗಾಳದ ಕೋಲು ಬಿಲ್ಲಿನಂತೆ ಬಾಗಿ ಭುಜದ ಕೀಲು ಕಳಚುವಷ್ಟು ಜಗ್ಗುತ್ತಿತ್ತು. ಮಗುವಿನಷ್ಟು ಭಾರದ ಮೀನುಗಳು, ಮೈಮೇಲೆ ಏಳೆಂಟು ಕಪ್ಪು ಪಟ್ಟೆ. ಹೆಂಡತಿ ಇಲ್ಡಾ ಅದರ ತಲೆಯನ್ನೂ ಬಿಡದೆ ಆಲೂಗಡ್ಡೆ ಹಾಕಿ ಸಾರು ಮಾಡುತ್ತಿದ್ದಳು, ಮಿಕ್ಕದ್ದು ಬೀದಿಯವರಿಗೆಲ್ಲ. ಆಮೇಲೆ ಒಂದು ಕಾಲ ಬಂತು, ಮೀನು ಇಲ್ಲವೇ ಇಲ್ಲ. ನೀರು ಕೆಟ್ಟಿತು, ದಕ್ಷಿಣದ ಹೊಳೆಗಳಲ್ಲಿ ಮರಿಯಾಗಲಿಲ್ಲ ಎಂದು ಏನೇನೋ ಹೇಳಿದರು, ಇರಬಹುದು. ಆದರೆ ನಾವು ಹಿಡಿದದ್ದೂ ಕಡಿಮೆಯೇನಲ್ಲ, ತಿಂದು ತೇಗಿದ್ದೆವು. ಸರ್ಕಾರ ಹಿಡಿಯುವುದನ್ನೇ ನಿಲ್ಲಿಸಿತು. ವರ್ಷಗಳ ಮೇಲೆ ಮೀನು ತಿರುಗಿ ಬಂತು, ಈಗ ಮತ್ತೆ ಕರಗುತ್ತಿದೆ. ಈಗಿನ ಕಾನೂನಿನಂತೆ ಅಳತೆಗಿಂತ ಸಣ್ಣದನ್ನೂ ಬಿಡಬೇಕು, ದೊಡ್ಡದನ್ನೂ ಬಿಡಬೇಕು, ನಡುವಿನದ್ದು ದಿನಕ್ಕೆ ಒಂದೇ. ಹಿಡಿದವರು ಮುತ್ತಿಟ್ಟು ಫೋಟೋ ತೆಗೆದು ನೀರಿಗೆ ಬಿಡುತ್ತಾರೆ. ಒರ್ಲಾಂಡೊಗೆ ಇದು ನೋಡಲಾಗದ ಸಂಕಟ.

ಅವನ ಮಗ ನೆಲ್ಸನ್ ಈ ಹೊಸ ಕಾಲದವನು. ಮನೆಮನೆಯ ಬಾಯ್ಲರ್ ರಿಪೇರಿ ಅವನ ಕಸುಬು, ಇಬ್ಬರು ಹೆಣ್ಣುಮಕ್ಕಳ ತಂದೆ. ಮೈಗಂಟುವ ರಬ್ಬರ್ ಉಡುಪು ತೊಟ್ಟು, ಅಪ್ಪ ಎಂದೂ ಮುಟ್ಟಲಾಗದ ಬಂಡೆಗಳಿಗೆ ಈಜಿಯೇ ಹೋಗುತ್ತಿದ್ದ. ಆದರೆ ಸುಳ್ಳಿನಲ್ಲಿ ಅಪ್ಪನ ಮಗನೇ. ಫೋಟೋದಲ್ಲಿ ತನ್ನ ಮುಖ, ಮೀನು ಬಿಟ್ಟರೆ ಹಿಂದಿನದ್ದೆಲ್ಲ ಮಸಿ ಬಳಿದ ಹಾಗೆ ಅಳಿಸಿರುತ್ತಿದ್ದ. ಎಲ್ಲಿದ್ದಾನೆಂದು ಫೋನು ಯಾರಿಗೂ ತೋರಿಸದಂತೆ ಆ ಸೌಲಭ್ಯವನ್ನೇ ಆರಿಸಿಡುತ್ತಿದ್ದ. ಪಿಕಪ್ಪು ಒಂದು ಕಡೆ, ಮನುಷ್ಯ ಇನ್ನೊಂದು ಕಡೆ. ಅಪ್ಪ ಮಗ ಒಂದೇ ಮೇಜಿನಲ್ಲಿ ಕೂತು ಲಿಂಗೀಸಾ ಸಾಸೇಜು, ಬ್ರೆಡ್ಡು ತಿನ್ನುತ್ತ ಒಬ್ಬರಿಗೊಬ್ಬರು ಸುಳ್ಳು ಹೇಳುವುದನ್ನು ನೋಡಿ ಇಲ್ಡಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ನಿಮ್ ವಂಶಕ್ಕೇ ಏನೋ ರೋಗ. ಹೆತ್ತ ಮಗನಿಗೂ ಹೇಳಲ್ವಲ್ಲೋ!"

"ಹೇಳಿದ್ರೆ ಅದು ನನ್ ಜಾಗ ಹೇಗಾಗತ್ತೆ?" ಎಂದು ಒರ್ಲಾಂಡೊ ನಗುತ್ತಿದ್ದ.

ನಿಜಕ್ಕೂ ಅವನಲ್ಲಿ ಅಂಥ ಒಂದು ಜಾಗವಿತ್ತು. ಶ್ರೀಮಂತರ ಬಂಗಲೆಗಳಿರುವ, ಕಡಲೊಳಕ್ಕೆ ಮೂಗಿನಂತೆ ನೀಡಿಕೊಂಡ ನೆಲದ ಚಾಚನ್ನು ದಾಟಿ, ಮೂಡಣ ಬದಿಗೆ ಇಳಿದರೆ ನೀರಿನೊಳಗೆ ಒಂದು ಬಂಡೆ. ನೀರಿಳಿತದಲ್ಲಿ ಮಾತ್ರ ಹತ್ತಬಹುದು, ಉಬ್ಬರಕ್ಕೆ ಮುಳುಗುತ್ತದೆ, ಕಡಲ ಕಡೆ ಆಳವಾದ ಬಿರುಕು, ಅದರ ಪಕ್ಕವೇ ಮೀನಿನ ದಾರಿ. ಅವನ ಬದುಕಿನ ಅತಿ ದೊಡ್ಡ ಮೀನುಗಳೆಲ್ಲ ಅಲ್ಲಿಯವೇ. ಎಲ್ಲ ಬಂಡೆಗೂ ಒಂದೊಂದು ಹೆಸರಿಡುವ ನಮ್ಮ ಊರಿನಲ್ಲಿ ಅದಕ್ಕೆ ಮಾತ್ರ ಹೆಸರಿಲ್ಲ, ಏಕೆಂದರೆ ಅವನು ಯಾರಿಗೂ ಹೇಳಿರಲಿಲ್ಲ. ಮಂಡಿ ಸವೆದು ಅವನೇ ಅಲ್ಲಿಗೆ ಹೋಗುವುದು ನಿಂತು ಎಷ್ಟೋ ವರ್ಷವಾಗಿತ್ತು. ಆದರೂ ಹೇಳಲಿಲ್ಲ. ಯಾರಿಗಾಗಿ ಉಳಿಸಿಕೊಂಡಿದ್ದನೋ ಆ ದೇವರೇ ಬಲ್ಲ.

ಅಕ್ಟೋಬರಿನ ಒಂದು ಶನಿವಾರ, ದೂರದ ಬಿರುಗಾಳಿಯೊಂದು ಅಲೆಯನ್ನು ಎಬ್ಬಿಸಿದ್ದ ಬೆಳಗ್ಗೆ, ಸೊಸೆ ಜೋಯೆಲ್ ಫೋನ್ ಮಾಡಿದಳು.

"ಪಪ್ಪಾ, ನೆಲ್ಸನ್ ನಿಮ್ ಜೊತೆ ಇದಾನಾ? ತಿಂಡಿ ಹೊತ್ತಿಗೆ ಬರ್ತೀನಿ ಅಂದಿದ್ದ. ಮಕ್ಕಳನ್ನ ಡಾನ್ಸಿಗೆ ಬಿಡ್ಬೇಕು. ಫೋನ್ ಎತ್ತುತ್ತಿಲ್ಲ."

"ಮೀನು ಬಿದ್ದಿರ್ಬೇಕು ಮಗಳೇ. ಬರ್ತಾನೆ ಬಿಡು" ಎಂದ. ಆದರೆ ಕಿಟಕಿಯಿಂದ ಮರಗಳು ಬಾಗುವುದನ್ನು ನೋಡಿದವನೇ ಜಾಕೀಟು ಹಾಕಿಕೊಂಡು ಹೊರಟ.

ನೆಲ್ಸನ್ನನ ಪಿಕಪ್ಪು ಪಡುವಣದ ಕೊಲ್ಲಿಯಲ್ಲಿ ನಿಂತಿತ್ತು. ಕಾಫಿಯ ಲೋಟ ಖಾಲಿ, ತಣ್ಣಗೆ. ಮರಳಲ್ಲಿ ಹೆಜ್ಜೆ ಇಲ್ಲ. ಒರ್ಲಾಂಡೊ ಕೂಗಿದ, ಅಲೆಯ ಸದ್ದಿಗೆ ಅದು ಅವನಿಗೇ ಕೇಳಿಸಲಿಲ್ಲ. ಕರಾವಳಿ ಕಾವಲಿನವರಿಗೆ ತಾನೇ ಫೋನ್ ಮಾಡಿದ.

ನಮ್ಮಲ್ಲಿ ಇನ್ನೇನಿಲ್ಲದಿದ್ದರೂ ಇದೊಂದು ಇದೆ. ಒಬ್ಬ ಕಾಣೆಯಾದ ಎಂದು ತಿಳಿದರೆ, ಮುಖ ನೋಡದವರೂ ಕೋಲು ಬದಿಗಿಟ್ಟು ಓಡಿ ಬರುತ್ತಾರೆ. ಅರ್ಧ ಗಂಟೆಯೊಳಗೆ ಇಪ್ಪತ್ತು ಜನ ಸೇರಿದರು, ವಾಲಿಯೂ ಬಂದ. ಕಾವಲು ದೋಣಿಗಳು ಬಂದವು. ಚುರುಕಾದ ಒಬ್ಬ ಹೆಣ್ಣುಮಗಳು, ಅಲ್ಲಿನ ಅಧಿಕಾರಿ, ಪಿಕಪ್ಪಿನ ಮೂತಿಯ ಮೇಲೆ ನಕ್ಷೆ ಹಾಸಿದಳು.

"ಸಾರ್, ಗಾಡಿ ಇಲ್ಲಿದ್ರೂ ಮನುಷ್ಯ ಇಲ್ಲಿಲ್ಲ ಅಂತೀರ. ರಬ್ಬರ್ ಉಡುಪು ಹಾಕಿದಾರೆ, ಹಾಗಾಗಿ ಚಳಿ ತಡ್ಕೋತಾರೆ. ಬೇಗ ಹುಡುಕಿದ್ರೆ ಸಿಗ್ತಾರೆ. ಅವರು ಹೋಗಬಹುದಾದ ಜಾಗ ಎಲ್ಲಾ ತೋರ್ಸಿ. ಒಂದೂ ಬಿಡ್ಬೇಡಿ."

ಒರ್ಲಾಂಡೊ ತೋರಿಸಿದ. ಬದುಕಿಡೀ ಬಚ್ಚಿಟ್ಟದ್ದನ್ನೆಲ್ಲ ಒಂದೊಂದಾಗಿ ಬೆರಳಿಟ್ಟು ಬಿಚ್ಚಿದ. ಕೊಡಲಿ ಬಂಡೆ, ಮುರಿದ ಹಡಗಿನ ಬಾಯಿ, ಕೊಳವೆಯ ಹಿಂದಿನ ಮಡು. ಸುತ್ತ ನಿಂತವರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಕೊಳವೆಯ ಮಾತು ಬಂದಾಗ ವಾಲಿ "ಎಲಾ ಕಳ್ಳಾ..." ಎಂದು ಬಾಯಿ ತೆರೆದವನು ನಾಚಿ ತಲೆ ತಗ್ಗಿಸಿದ.

ಬೆರಳು ಬಂಗಲೆಗಳ ಚಾಚಿನ ಹತ್ತಿರ ಬಂದು ನಿಂತಿತು.

"ಅಲ್ಲಿ?" ಎಂದಳು ಅಧಿಕಾರಿ.

ಇಪ್ಪತ್ತು ಜೊತೆ ಕಣ್ಣು ಅವನ ಬೆರಳ ಮೇಲೆ. ನೆಲ್ಸನ್ನನಿಗೆ ಆ ಜಾಗ ಗೊತ್ತಿಲ್ಲ, ನಾನು ಹೇಳೇ ಇಲ್ಲವಲ್ಲ ಎಂದುಕೊಂಡ. ಅದು ಅವನು ತನಗೆ ಕೊಟ್ಟುಕೊಂಡ ಸಮಾಧಾನ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದದ್ದೂ ನಿಜ: ಈಗ ಹೇಳಿದರೆ ಸಂಜೆಯೊಳಗೆ ಇವರೆಲ್ಲ ಅಲ್ಲಿ ನಿಂತಿರುತ್ತಾರೆ. ಮಗ ನೀರುಪಾಲಾಗಿರಬಹುದಾದ ಹೊತ್ತಿನಲ್ಲಿ ಮನುಷ್ಯನಿಗೆ ಇಂಥ ಯೋಚನೆ ಬರುತ್ತದೆಯೇ ಎಂದರೆ, ಬರುತ್ತದೆ. ಅಷ್ಟು ಕಾಲ ತಿದ್ದಿ ತೀಡಿದ ಅಭ್ಯಾಸ ಬೇರೆ ಏನು ಮಾಡೀತು?

"ಇಲ್ಲ. ಅಲ್ಲೇನಿಲ್ಲ. ಅಷ್ಟೇ" ಎಂದ. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ.

ದೋಣಿಗಳು ಪಡುವಣಕ್ಕೆ ಹೋದವು. ಜನ ದಡದುದ್ದಕ್ಕೂ ಹರಡಿದರು. ಕೊಡಲಿ ಬಂಡೆಯಲ್ಲಿ ಇಲ್ಲ ಎಂದು ಸುದ್ದಿ ಬಂತು. ಹಡಗಿನ ಬಾಯಲ್ಲೂ ಇಲ್ಲ. ಇಲ್ಡಾಳ ಫೋನ್ ಬಂತು.

"ಸಿಕ್ಕಿದ್ನಾ?"

"ಹುಡುಕ್ತಿದಾರೆ."

"ನಿನಗೆ ಗೊತ್ತಿರೋದೆಲ್ಲಾ ಹೇಳಿದೀಯ ತಾನೇ?"

"ಹೇಳಿದೀನಿ."

ಕೊಳವೆಯ ಮಡುವಿನಲ್ಲೂ ಇಲ್ಲ ಎಂದು ತಿಳಿದಾಗ ಒರ್ಲಾಂಡೊ ಚಾಚಿನ ಕಡೆ ತಿರುಗಿ ನೋಡಿದ. ಅಪ್ಪ ಬಚ್ಚಿಟ್ಟದ್ದನ್ನು ಮಗ ಹುಡುಕದೆ ಬಿಟ್ಟಾನೇ? ಹುಡುಕಿದ್ದರೆ ಅಪ್ಪನಿಗೆ ಹೇಳಿಯಾನೇ? ತಾನಾಗಿದ್ದರೆ ಹೇಳುತ್ತಿದ್ದನೇ? ಅವನು ಸವೆದ ಮಂಡಿಯಲ್ಲೇ ಓಡಿದ, ಎಡವಿ ಬಿದ್ದ, ಎದ್ದು ಮತ್ತೆ ಓಡಿದ. ಅಷ್ಟು ಹೊತ್ತಿಗೆ ನಡುಹಗಲಾಗಿ, ಉಬ್ಬರ ಮುಕ್ಕಾಲು ಏರಿತ್ತು.

"ಚಾಚಿನ ಮೂಡಣ ಬದಿ! ಅಲ್ಲೊಂದು ಬಂಡೆ ಇದೆ! ಹೋಗ್ರೀ, ದಮ್ಮಯ್ಯ, ಬೇಗ ಹೋಗ್ರೀ!" ಎಂದು ಎಲ್ಲರ ಎದುರು ಕೂಗಿಕೊಂಡ.

"ಆಗ್ಲೇ ಏನಿಲ್ಲ ಅಂದ್ರಲ್ಲ ಸಾರ್?" ಎಂದಳು ಅಧಿಕಾರಿ, ರೇಡಿಯೋ ಎತ್ತಿಕೊಳ್ಳುತ್ತಲೇ.

"ಈಗ ನೆನಪಾಯ್ತು" ಎಂದ ಒರ್ಲಾಂಡೊ.

ನೆಲ್ಸನ್ ಅಲ್ಲೇ ಇದ್ದ. ಕಡಲ ಕಡೆಯ ಬಿರುಕಿನಲ್ಲಿ ಕಾಲು ಜಾರಿ, ಮೊಣಕಾಲಿನವರೆಗೆ ಸಿಕ್ಕಿ, ಮೂಳೆ ಮುರಿದಿತ್ತು. ದಡದಿಂದ ನೋಡಿದರೆ ಕಾಣುವುದಿಲ್ಲ. ಮುಳುಗುಗಾರರು ನೀರಿನಡಿಯಿಂದ ಅವನನ್ನು ಬಿಡಿಸಿ ತಂದರು. ಎರಡೂ ಅಂಗೈಯ ಚರ್ಮ ಕಿತ್ತು ಹೋಗಿತ್ತು. ಫೋನು ಕುತ್ತಿಗೆಯ ಚೀಲದಲ್ಲೇ ನೀರು ಕುಡಿದು ಸತ್ತಿತ್ತು.

"ಬಿದ್ದ ತಕ್ಷಣವೇ ಪ್ರಜ್ಞೆ ಹೋಗಿರತ್ತೆ ಸಾರ್. ಏನೂ ಗೊತ್ತಾಗಿರಲ್ಲ" ಎಂದು ಅಧಿಕಾರಿ ಅವನ ಭುಜ ಹಿಡಿದು ಹೇಳಿದಳು. ಒಳ್ಳೆಯ ಹೆಣ್ಣುಮಗಳು. ಅವಳಿಗೆ ಆ ಬಂಡೆ ಗೊತ್ತಿರಲಿಲ್ಲ. ಒರ್ಲಾಂಡೊಗೆ ಗೊತ್ತಿತ್ತು. ಆ ಬಿರುಕಿನ ಪಕ್ಕ ನಿಂತು ಅವನು ಎಷ್ಟು ಉಬ್ಬರ ನೋಡಿದ್ದನೋ ಲೆಕ್ಕವಿಲ್ಲ. ನೀರು ಮೊದಲು ಮೀನಖಂಡಕ್ಕೆ ಬರುತ್ತದೆ, ಆಮೇಲೆ ತೊಡೆಗೆ, ಸೊಂಟಕ್ಕೆ. ನಕ್ಷೆಯ ಮೇಲೆ ತನ್ನ ಬೆರಳು ನಿಂತ ಹೊತ್ತಿನಲ್ಲಿ ನೀರು ಎಲ್ಲಿತ್ತೆಂದು ಅವನು ಕರಾರುವಾಕ್ಕಾಗಿ ಹೇಳಬಲ್ಲ. ಮಗನ ಸೊಂಟದ ಕೆಳಗಿತ್ತು. ಅವನು ಬದುಕಿದ್ದ, ಕೂಗುತ್ತಿದ್ದ.

ಮಣ್ಣು ಮಾಡಿದ ಮರುದಿನ ಮಧ್ಯಾಹ್ನ, ಅಡುಗೆಮನೆಯಲ್ಲಿ, ಒರ್ಲಾಂಡೊ ಹೆಂಡತಿಗೆ ಎಲ್ಲ ಹೇಳಿದ. ಬೆರಳು ನಿಂತದ್ದು, ಇಪ್ಪತ್ತು ಜನ, ಬಂದ ಯೋಚನೆ. ಒಂದನ್ನೂ ಮುಚ್ಚಲಿಲ್ಲ. ಇಲ್ಡಾ ಕೂಗಾಡಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಕೇಳಿದಳು. ಅವಳ ತುಟಿ ಬಿಳಿಚಿಕೊಂಡಿತ್ತು.

"ಜೋಯೆಲ್‌ಗೂ ಹೇಳ್ತೀನಿ. ಪಾದ್ರಿಗೆ ಹೇಳ್ತೀನಿ. ಎಲ್ಲರ ಮುಂದೂ ಹೇಳ್ಬಿಡ್ತೀನಿ. ನನ್ ಕೈಲಿ ತಡ್ಕೊಳ್ಳೋಕಾಗಲ್ಲ ಇಲ್ಡಾ."

"ಯಾಕೆ? ನಿನ್ ಎದೆ ಹಗುರ ಮಾಡ್ಕೊಳ್ಳೋಕಾ?" ಅವಳ ದನಿ ಪಿಸುಗುಟ್ಟಿದಷ್ಟೇ ಇತ್ತು. "ಆ ಹುಡುಗಿ ಇನ್ನು ದಿನಾ ಬೆಳಗ್ಗೆ ಎದ್ದು, ನನ್ ಗಂಡನ್ನ ಬದುಕಿಸಬಹುದಿತ್ತು ಅಂದ್ಕೋಬೇಕಾ? ಆ ಮಕ್ಕಳಿಗೆ ಅಪ್ಪನಂತೂ ಇಲ್ಲ, ಇನ್ನು ತಾತನೂ ಬೇಡವಾ? ಬಾಯಿ ಮುಚ್ಕೊಂಡಿರು. ಸಾಯೋವರೆಗೂ ಮುಚ್ಕೊಂಡಿರು. ಅದು ನಿನಗೆ ಚೆನ್ನಾಗಿ ಬರತ್ತಲ್ಲ."

ಅಷ್ಟರಲ್ಲಿ ಮುಂದಿನ ಕೋಣೆಯಿಂದ ಜೋಯೆಲ್ ಬಂದಳು. ಅತ್ತು ಅತ್ತು ಮುಖ ಊದಿತ್ತು. ಮಾವನ ಪಕ್ಕ ಕೂತು ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಪಪ್ಪಾ, ವಾಲಿ ಅಂಕಲ್ ಹೇಳಿದ್ರು. ನಿಮ್ ಗುಟ್ಟಿನ ಜಾಗ ಎಲ್ಲಾ ಎಲ್ಲರ ಮುಂದೆ ಬಿಚ್ಚಿಟ್ರಂತೆ, ಒಂದೂ ಉಳಿಸಿಕೊಳ್ಳದೆ. ಕೊನೆಗೆ ಅವನನ್ನ ಹುಡುಕಿಸಿದ್ದೂ ನೀವೇ. ಇಲ್ಲದಿದ್ರೆ ಮಣ್ಣು ಮಾಡೋಕೂ ಸಿಗ್ತಿರಲಿಲ್ಲ."

ಒರ್ಲಾಂಡೊ ಹೆಂಡತಿಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು.

"ಹೂಂ ಮಗಳೇ" ಎಂದ ಅವನು. "ಎಲ್ಲಾ ಹೇಳಿದೆ."

ಇಲ್ಡಾ ತಿರುಗಿ ನಲ್ಲಿ ಬಿಟ್ಟು ಪಾತ್ರೆ ತೊಳೆಯತೊಡಗಿದಳು.