ಕಪ್ಪು ಕಪಾಟುಗಳ ಅಡುಗೆಮನೆ

ಅವ್ವನ ಮೊಣಕೈ ನೆಲದಿಂದ ಮೂವತ್ತೇಳೂವರೆ ಇಂಚು ಎತ್ತರದಲ್ಲಿತ್ತು. ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ ನಾನು ಟೇಪು ಹಿಡಿದಾಗ, ಅಳತೆ ತಪ್ಪೀತೆಂಬಂತೆ ಆಕೆ ಉಸಿರು ಬಿಗಿಹಿಡಿದಿದ್ದಳು. ರೊಟ್ಟಿ ಬಡಿಯುವವರಿಗೆ ಕಟ್ಟೆ ಮೊಣಕೈಗಿಂತ ಐದು ಇಂಚು ಕೆಳಗಿದ್ದರೆ ಹೆಗಲು ನೋಯುವುದಿಲ್ಲ. ಮೂವತ್ತೆರಡೂವರೆ ಎಂದು ಬರೆದುಕೊಂಡೆ. ಆ ಅಳತೆಯ ಬಗ್ಗೆ ನನಗೆ ಹೆಮ್ಮೆಯಿತ್ತು.

ಮನೆಗಳ ಒಳಾಂಗಣದ ನಕ್ಷೆ ಬರೆಯುವುದು ನನ್ನ ಕೆಲಸ. ಹೊಸಪೇಟೆಯಲ್ಲಿ ಕುಳಿತು, ಹಂಪಿಯ ಸುತ್ತಲಿನ ಲಾಡ್ಜುಗಳಿಗೆ ಹಳೆಯ ಕಾಲದವೆಂದು ಕಾಣುವ ಹೊಸ ಕೋಣೆಗಳನ್ನು ಬರೆದುಕೊಡುತ್ತೇನೆ. ಗಾದಿಗನೂರಿನ ನಮ್ಮ ಮನೆಯ ಅಡುಗೆಮನೆಯನ್ನು ಒಡೆದು ಕಟ್ಟುವುದೆಂದು ಆದಾಗ, ಇದು ನನ್ನದು ಎಂದು ಹಟ ಹಿಡಿದೆ. ಕಂದುಗಪ್ಪು ಬಾಗಿಲುಗಳ ಕಪಾಟು, ಹಿತ್ತಾಳೆಯ ಗುಂಡು ಹಿಡಿಕೆ, ನೆಲಕ್ಕೆ ಹೂಬಳ್ಳಿಯ ಟೈಲ್ಸು, ಕಟ್ಟೆಯ ಮೇಲೆ ತೂಗುಬಿಟ್ಟ ಹಳದಿ ದೀಪ. ಟ್ಯೂಬ್‌ಲೈಟನ್ನು ಕಿತ್ತುಹಾಕಿಸಿದೆ. ಅದಿರಿನ ಲಾರಿಗಳು ಓಡಾಡುವ ಊರಿನಲ್ಲಿ ಬಿಳಿ ಕಪಾಟು ವಾರಕ್ಕೇ ಕೆಂಪಾಗುತ್ತದೆ ಎಂಬುದು ನಾನು ಮನೆಯವರಿಗೆ ಕೊಟ್ಟ ಕಾರಣ. ನಿಜವಾದ ಕಾರಣವೆಂದರೆ, ನನಗೆ ಅದು ಚೆಂದ ಕಂಡಿತ್ತು.

ಹಳೆಯ ಅಡುಗೆಮನೆಯಲ್ಲಿ ಬಾಗಿಲುಗಳೇ ಇರಲಿಲ್ಲ. ಸುಣ್ಣ ಬಳಿದ ಗೋಡೆಗೆ ಕಡಪ ಕಲ್ಲಿನ ಹಲಗೆಗಳು, ಅವುಗಳ ಮೇಲೆ ಸ್ಟೀಲಿನ ಡಬ್ಬಿಗಳು. ನೋಡಿದವರಿಗೆ ಅದೊಂದು ಸಂತೆ. ಆದರೆ ಯಾರಾದರೂ ಸಾಸಿವೆ ಡಬ್ಬಿಯನ್ನು ಜೀರಿಗೆಯ ಜಾಗದಲ್ಲಿಟ್ಟರೆ ಅವ್ವ ದಿನವಿಡೀ ಬೈಯುತ್ತಿದ್ದಳು. “ತಗೊಂಡಲ್ಲೆ ಇಡ್ರಿ ಅಂದ್ರ ಕೇಳಂಗಿಲ್ಲ, ಕೈಗೇನ್ ರೋಗ.” ವಯಸ್ಸಾದಂತೆ ಸ್ವಭಾವ ಗಟ್ಟಿಯಾಗುತ್ತಿದೆ ಎಂದುಕೊಂಡಿದ್ದೆ. ಆಕೆಗೆ ಆಗ ಐವತ್ತೊಂದು.

ನಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದಾಗ ಆಕೆ ತಲೆಯನ್ನು ಅತ್ತಿತ್ತ ತಿರುಗಿಸಿ ಬಹಳ ಹೊತ್ತು ನೋಡಿದಳು. ಮೂಲೆಮೂಲೆಯನ್ನೂ ಪರೀಕ್ಷಿಸುತ್ತಿದ್ದಾಳೆ ಎಂದು ನನಗೆ ಸಂತೋಷವಾಯಿತು.

“ಭಾಳ ಚೊಲೊ ಐತಿ. ಉಪ್ಪು ಎಲ್ಲಿ ಇರತೈತಿ?”

“ಎಲ್ಲಿ ಬೇಕಂದ್ರ ಅಲ್ಲಿ ಇಡು ಅವ್ವ.”

“ಹಂಗಂದ್ರ ಹೆಂಗ.”

ಬಡಗಿ ಮೂರು ಬಣ್ಣದ ಲ್ಯಾಮಿನೇಟ್ ತುಂಡುಗಳನ್ನು ತಂದಿದ್ದ. ಆತ ಕಂಪ್ಲಿಯವನು, ಅಲ್ಲಿ ಕೆಡವಿದ ಮನೆಯೊಂದರ ಹಳೆಯ ಚೌಕಟ್ಟುಗಳನ್ನೂ ನಮಗಾಗಿ ಹೊತ್ತು ತಂದಿದ್ದ. “ಮೂರೂ ಒಂದ ಅದಾವಲ್ಲ,” ಎಂದು ಅವ್ವ ತುಂಡುಗಳ ಮೇಲೆ ಹೆಬ್ಬೆರಳು ಉಜ್ಜಿ, ಗರಗರ ಎನ್ನುವ ಒಂದನ್ನು ಎತ್ತಿಕೊಟ್ಟಳು. ನನ್ನ ಆಯ್ಕೆಯೂ ಅದೇ ಆಗಿತ್ತು.

“ನೋಡ್ ಯಮ್ಮ, ನೀ ಕಾಲೇಜಿಗೆ ಹೋಗಿ ಕಲ್ತಿದ್ದು ನಿಮ್ಮವ್ವಗ ಬೆರಳಾಗ ಐತಿ,” ಎಂದ ಬಡಗಿ. ಮೂವರೂ ನಕ್ಕೆವು.

ಹಾಲುಕ್ಕಿಸಿದ ದಿನ ನೆರೆಯ ಐದಾರು ಹೆಂಗಸರು ಬಂದಿದ್ದರು. ಪೂರ್ವಕ್ಕೆ ಮುಖ ಮಾಡಿ ನಿಂತ ಅವ್ವ ಪಾತ್ರೆಯನ್ನು ನೋಡುತ್ತಿರಲಿಲ್ಲ. ತಲೆ ವಾಲಿಸಿ ಆಲಿಸುತ್ತಿದ್ದಳು. ಹಾಲು ಚೊರ್ ಎಂದಾಗ ಕೈಮುಗಿದಳು. ಆಮೇಲೆ ಎಲ್ಲರಿಗೂ ಚಹಾ ಮಾಡಿದಳು. ಪಕ್ಕದ ಮನೆಯ ದೊಡ್ಡಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

“ಹೊಸ ಅಡಿಗಿಮನ್ಯಾಗ ಚಾಕ್ಕೂ ಉಪ್ಪ ಹಾಕ್ತಾರೇನ್ ಈಗ?”

“ನಿಮ್ಮ ನಾಲಿಗಿ ಸಪ್ಪಗಾಗಿತ್ತು, ಅದಕ್ಕ ಹಾಕೀನಿ,” ಎಂದಳು ಅವ್ವ, ತಡಮಾಡದೆ.

ಹೆಂಗಸರು ನಗುತ್ತಿದ್ದಾಗ ನನಗೆ ನಾಚಿಕೆಯಾಯಿತು. ಅವ್ವನ ಪರವಾಗಿ ಅಲ್ಲ, ನನ್ನ ಅಡುಗೆಮನೆಯ ಪರವಾಗಿ. ಸಂಜೆ ಎಲ್ಲ ಡಬ್ಬಿಗಳಿಗೂ ಹೆಸರಿನ ಚೀಟಿ ಅಂಟಿಸಿದೆ. ಸಣ್ಣ, ಒಪ್ಪವಾದ ಅಕ್ಷರ.

ನಾಲ್ಕನೆಯ ದಿನ ಮೇಲಿನ ಕಪಾಟಿನ ಬಾಗಿಲನ್ನು ತೆರೆದಿಟ್ಟು ಫೋನಿಗೆ ಹೋದವಳು ನಾನೇ. ಕೆಳಗಿನ ಖಾನೆಯಿಂದ ಹಿಟ್ಟು ತೆಗೆದು ಎದ್ದ ಅವ್ವನ ಹುಬ್ಬಿಗೆ ಆ ಬಾಗಿಲಿನ ಮೂಲೆ ಹೊಡೆಯಿತು. ಸದ್ದು ದೊಡ್ಡದೇನಲ್ಲ. ನಾನು ಬಂದಾಗ ಹಿಟ್ಟಿನ ಮೇಲೂ ಕಟ್ಟೆಯ ಮೇಲೂ ರಕ್ತ ಬಿದ್ದಿತ್ತು, ಆಕೆ ಅದನ್ನು ಸೆರಗಿನಿಂದ ಒರೆಸಲು ಹೋಗಿ ಇನ್ನೆಲ್ಲೋ ಒರೆಸುತ್ತಿದ್ದಳು.

“ಕಾಣಲಿಲ್ಲ.”

“ನಿನ್ನ ಎದುರಿಗೆ ಇತ್ತಲ್ಲವ್ವ.”

ನಾನು ಗೋಡೆಗೊರಗಿದ್ದ ಕಬ್ಬಿಣದ ಕರಿ ಹಂಚನ್ನು ಎತ್ತಿ, ಕಪ್ಪು ಕಪಾಟಿನ ಮುಂದೆ ಹಿಡಿದು, ಇದೇನು ಎಂದು ಕೇಳಿದೆ. ಆಕೆ ಕೈ ಚಾಚಿದಳು. ಕೈ ನನ್ನ ಮೊಣಕೈ ಸವರಿ ಗಾಳಿಯಲ್ಲಿ ಹೋಯಿತು.

ಹೊಲಿಗೆ ಹಾಕಿಸಲು ಹೊಸಪೇಟೆಗೆ ಕರೆದೊಯ್ದೆ. ಹೊಲಿಗೆ ಹಾಕಿದ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಬೆರಳು ಆಡಿಸಿ, ಈಗಲೇ ಕಣ್ಣಿನ ಡಾಕ್ಟರಲ್ಲಿಗೆ ಹೋಗಿ ಎಂದು ಚೀಟಿ ಬರೆದರು. ಅಲ್ಲಿ ಒಂದು ಯಂತ್ರಕ್ಕೆ ಗದ್ದ ಇರಿಸಿ ಕೂರಿಸಿದರು. ಒಳಗೆ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಕೈಯಲ್ಲಿದ್ದ ಗುಂಡಿ ಒತ್ತಬೇಕು. ನಾನು ಪರದೆಯ ಹೊರಗೆ ಕುಳಿತು ಗುಂಡಿಯ ಟಿಕ್ ಎನ್ನುವ ಸದ್ದಿಗೆ ಕಿವಿಗೊಟ್ಟಿದ್ದೆ. ಬಹಳ ಹೊತ್ತಿಗೊಮ್ಮೆ ಒಂದು ಕೇಳುತ್ತಿತ್ತು.

ಕಣ್ಣೊಳಗಿನ ಒತ್ತಡ ಹೆಚ್ಚಿ ನರ ಒಣಗಿದೆ ಎಂದರು ಡಾಕ್ಟರು. ಎಡಗಣ್ಣು ಹೋದಂತೆಯೇ. ಬಲಗಣ್ಣಿನಲ್ಲಿ ಕೊಳವೆಯೊಳಗಿಂದ ನೋಡಿದಷ್ಟು ಉಳಿದಿದೆ, ಅದೂ ಮಬ್ಬು ಬೆಳಕಿನಲ್ಲಿ ಕೆಲಸಕ್ಕೆ ಬಾರದು. ಹೋದದ್ದು ಬರುವುದಿಲ್ಲ, ಹನಿ ಹಾಕಿದರೆ ಇದ್ದದ್ದು ಉಳಿದೀತು. ಮಕ್ಕಳಿಗೂ ಬರುವ ಸಂಭವವಿದೆ, ನೀವೂ ಒಮ್ಮೆ ತೋರಿಸಿಕೊಳ್ಳಿ ಎಂದು ನನ್ನ ಕಡೆ ನೋಡಿದರು. ಆ ದಿನ ನಾನು ತೋರಿಸಿಕೊಳ್ಳಲಿಲ್ಲ.

ಬಸ್ಸಿನಲ್ಲಿ ಆಕೆಯನ್ನು ಕಿಟಕಿ ಪಕ್ಕ ಕೂರಿಸಿದೆ.

“ಎಷ್ಟ ದಿನ ಆತು?”

“ಮೂರು ವರ್ಷ ಆಗಿರಬೇಕು. ಮೊದಲು ಬಾಜೂಕ ಕಾಣೂದು ಹೋತು.”

“ಯಾಕ ಹೇಳಲಿಲ್ಲ?”

“ಹೇಳಿದ್ರ ನಿಮ್ಮಪ್ಪ ಒಲಿ ಹತ್ರ ಬಿಡತಿದ್ರೇನು.” ಕಿಟಕಿಯ ಕಡೆ ತಿರುಗಿ ಅಂದಳು, “ನಿಮ್ಮಜ್ಜಿಗೆ ಕಣ್ಣು ಹೋದಾಗ ಒಲಿ ಮುಂದಿನಿಂದ ಎಬ್ಬಿಸಿದಾಕಿ ನಾನ. ಕೈ ಹಿಡಿದು ಹೊರಗ ತಂದು ಕುಂದ್ರಿಸಿದೆ. ಸುಟ್ಕೊಂಡೀತು ಅಂತ, ಒಳ್ಳೇದಕ್ಕ ಅಂತ. ಆರು ವರ್ಷ ಕುಂತ್ಲು. ಗಂಗಾಳ ಕೊಟ್ರ ಉಣ್ಣಾಕಿ, ಇಲ್ಲಂದ್ರ ಸುಮ್ಮನಿರಾಕಿ. ಹಸಿವಾಗೈತಿ ಅಂತ ಒಂದು ದಿನ ಕೇಳಲಿಲ್ಲ.”

ಆ ಆರು ವರ್ಷ ನನಗೂ ನೆನಪಿದೆ. ಶಾಲೆಯಿಂದ ಬಂದಾಗ ಅಜ್ಜಿಯನ್ನು ದಾಟಿಕೊಂಡೇ ಒಳಗೆ ಹೋಗುತ್ತಿದ್ದೆ.

“ಹಳೇದ್ರಾಗ ಎಲ್ಲಾ ನನ್ನ ಕೈಯಾಗ ಇತ್ತು,” ಎಂದಳು ಅವ್ವ. “ಬಿಳೀ ಗ್ವಾಡಿ ಮುಂದ ಡಬ್ಬಿ ನೆಳ್ಳಿನಂಗ ಕಾಣತಿತ್ತು. ಉಳಿದದ್ದು ಎಣಿಸಿಕೋತಿದ್ದೆ. ಎಡಕ್ಕ ಮೂರನೇದು ಉಪ್ಪು, ಐದನೇದು ಸಕ್ರಿ. ಈಗ ಬಾಗಿಲ ಯಾವುದು, ಗ್ವಾಡಿ ಯಾವುದು ಅಂತನ ತಿಳಿವಲ್ದು.” ಆಕೆಯ ದನಿಯಲ್ಲಿ ದೂರು ಇರಲಿಲ್ಲ. ಅದೇ ನನಗೆ ಕಷ್ಟವಾದದ್ದು.

ಒಂದೊಂದು ಡಬ್ಬಿಯನ್ನೂ ಅಳೆದು ಖಾನೆ ಮಾಡಿಸಿದವಳು ನಾನು. ಆಕೆಯ ಕೈ ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಒಂದು ದಿನವೂ ನಿಂತು ನೋಡಿರಲಿಲ್ಲ.

ಅಪ್ಪ ಸಂಡೂರಿನ ಗಣಿಯಲ್ಲಿ ಶಿಫ್ಟಿನ ಕೆಲಸದವರು. ಸಂಜೆ ಬಂದು, ಹುಬ್ಬಿನ ಪಟ್ಟಿ ನೋಡಿ, ನಾನು ಹೇಳಿದ್ದನ್ನೆಲ್ಲ ಕೇಳಿದರು. ಕಣ್ಣಿನ ಹನಿಯ ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ನಾಳಿಂದ ಒಲಿ ಮುಂದ ಹೋಗಂಗಿಲ್ಲ. ಹೋಟೆಲಿಂದ ತರತೀನಿ.”

“ಹೋಟೆಲಿಂದು ಎಷ್ಟ ದಿನ ತಿಂತೀರಿ,” ಎಂದಳು ಅವ್ವ.

“ಸುಟ್ಕೊಂಡ್ರ ಯಾರು ನೋಡತಾರ? ನಾ ಗುಡ್ಡದ ಮ್ಯಾಲೆ ಇರತೀನಿ, ಇಕಿ ಹೊಸಪ್ಯಾಟ್ಯಾಗ.”

ಅವ್ವ ನನ್ನ ಕಡೆ ಮುಖ ತಿರುಗಿಸಿದಳು. ನಾನು ಕುಳಿತಿದ್ದ ಜಾಗಕ್ಕಿಂತ ಸ್ವಲ್ಪ ಆಚೆಗೆ. ನನ್ನಿಂದ ಒಂದು ಮಾತು ಬರಬೇಕೆಂದು ಆಕೆ ಕಾಯುತ್ತಿದ್ದುದು ನನಗೆ ಗೊತ್ತಾಗಿತ್ತು. ನಾನು ಮಾತಾಡಲಿಲ್ಲ. ಅಪ್ಪ ಹೇಳಿದ್ದರಲ್ಲಿ ತಪ್ಪೇನೆಂದು ನನಗೂ ಹೊಳೆಯಲಿಲ್ಲ. ಏಳುವಾಗ ಅಪ್ಪ ನನಗೆ ಅಂದರು, “ನೀನ ಮಾಡಿಸಿದ್ದಿ, ನೀನ ನೋಡ್ಕ.”

ಮರುದಿನ ಬೆಳಿಗ್ಗೆ ಅಪ್ಪ ಮೊದಲ ಶಿಫ್ಟಿಗೆ ಹೋದ ಮೇಲೆ ರಜೆ ಹೇಳಿ, ಸ್ಕ್ರೂಡ್ರೈವರ್ ಹಿಡಿದು ಮೇಲಿನ ಎಂಟು ಬಾಗಿಲುಗಳನ್ನೂ ಬಿಚ್ಚಿದೆ. ಒಳಗಿನ ಹಲಗೆಗಳಿಗೆ ಬಿಳಿ ಹಾಳೆ ಹಾಸಿದೆ, ಹಿಂಬದಿಗೂ ಅಂಟಿಸಿದೆ. ಅವ್ವ ನಡುವೆ ನಿಂತು ಹೇಳುತ್ತಾ ಹೋದಳು, ನಾನು ಇಡುತ್ತಾ ಹೋದೆ. ಎಡಗಡೆಯಿಂದ ಸಾಸಿವೆ, ಜೀರಿಗೆ, ಉಪ್ಪು. ಎಲ್ಲಿಯೂ ತಡವರಿಸಲಿಲ್ಲ. ಮುಗಿದ ಮೇಲೆ ಆಕೆ ಕೈ ತೊಳೆದುಕೊಂಡು ಒಲೆಯ ಮುಂದೆ ನಿಂತಳು. ಬೇಡ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ ನಾನು.

“ಎಲ್ಲಿ ನಿಂತಿ?” ಎಂದು ಕೇಳಿದಳು, ಲೈಟರ್ ಒತ್ತುವ ಮೊದಲು.

“ಬಾಗಲ ಹತ್ರ.”

ನಾನು ಸಿಲಿಂಡರಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಿದ್ದೆ, ರೆಗ್ಯುಲೇಟರಿನ ಮೇಲೆ ಕೈಯಿಟ್ಟುಕೊಂಡು. ಒಲೆ ಹೊತ್ತಿತು. ಆಕೆ ಹಂಚು ಇಟ್ಟು ಹಿಟ್ಟು ನಾದಿ, ರೊಟ್ಟಿ ಬಡಿದು ಬೇಯಿಸಿ ಮುಗಿಸುವವರೆಗೂ ನಾನು ಕೈ ತೆಗೆಯಲಿಲ್ಲ.